ಬಸ್ಸಿನ ಪುಟ

ನನಗೆ ಕನ್ನಡ ಅಂಕಿಗಳ ಮೇಲೆ ಅಗತ್ಯಕ್ಕಿಂತ ತುಸು ಹೆಚ್ಚೇ ಪ್ರೀತಿ. ಹಾಜರಿ ಪುಸ್ತಕದಲ್ಲಷ್ಟೇ ಅಲ್ಲ, ಗೋಡೆಯ ಕ್ಯಾಲೆಂಡರಿನ ಮೇಲೆ ಸಿಲಿಂಡರ್ ಬಂದ ತಾರೀಖನ್ನು ಗುರುತು ಹಾಕುವಾಗಲೂ ೧, ೨, ೩ ಎಂದೇ ಬರೆಯುವವಳು ನಾನು. ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಇಷ್ಟು ವರ್ಷ ಕನ್ನಡ ಪಾಠ ಹೇಳಿದವಳಿಗೆ ಅಷ್ಟಾದರೂ ಭಾಷಾಭಿಮಾನ ಬೇಡವೇ ಎಂದು ನೀವು ಹೇಳಬಹುದು. ಹೇಳಿ, ಅಡ್ಡಿಯಿಲ್ಲ. ಆದರೆ ಈ ಅಭಿಮಾನದ ದೆಸೆಯಿಂದ ಒಬ್ಬ ಮದುಮಗಳ ರವಿಕೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದ ಸಂಗತಿಯನ್ನು ಕೇಳಿದ ಮೇಲೆ ಹೇಳಿ.

ಅದರ ಮೂಲ ಇರುವುದು ನಮ್ಮ ಕಾಲೇಜಿನ ಗ್ರಂಥಪಾಲಕಿ ಸುನಂದಾ ಅವರ ಮೇಜಿನಲ್ಲಿ. ಒಂದು ಮಧ್ಯಾಹ್ನ ಪುಸ್ತಕ ಹಿಂತಿರುಗಿಸಲು ಹೋದವಳು ಅವರ ಕಂಪ್ಯೂಟರನ್ನು ಇಣುಕಿದೆ. ಅವರು ಯಾವುದೋ ಜಾಲಪುಟದ ಒಳಮೈಯನ್ನು, ಅಂದರೆ ಆ ಪುಟವನ್ನು ಕಟ್ಟಿದ ಸಾಲುಗಳನ್ನೇ ಬಿಚ್ಚಿಟ್ಟುಕೊಂಡು ಓದುತ್ತಿದ್ದರು.

"ಬ್ಯಾರೇದವರ ಪುಟದ ಒಳಗ ಹಿಂಗ ನೋಡಬಹುದೇನ್ರಿ?" ಎಂದೆ, ಪರರ ಪತ್ರ ಓದಿದಷ್ಟು ಸಂಕೋಚದಿಂದ.

"ನೋಡ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ನಾನೂ ಹಿಂಗ ನೋಡಿ ನೋಡಿನ ಕಲ್ತೇನಿ."

ಶೇಂಗಾ ಹೋಳಿಗೆಯ ಹದವನ್ನು ಸ್ವಂತ ತಂಗಿಗೂ ಪೂರ್ತಿಯಾಗಿ ಹೇಳಿಕೊಡದ ನನಗೆ ಈ ಔದಾರ್ಯ ನಂಬಲಸಾಧ್ಯವೆನಿಸಿತು. ಜಗತ್ತಿನ ಮೂಲೆಮೂಲೆಯಲ್ಲಿ ಕುಳಿತು ಅಡುಗೆ ಮಾಡಿದವರೆಲ್ಲ ಮನೆಯ ಬಾಗಿಲು ತೆರೆದಿಟ್ಟು, ಬನ್ನಿ, ಒಗ್ಗರಣೆಗೆ ಏನು ಹಾಕಿದ್ದೇವೆ ನೋಡಿಕೊಳ್ಳಿ ಎನ್ನುತ್ತಿರುವಂತಿತ್ತು. ಆ ಕ್ಷಣವೇ ನಾನು ಜಾಲಕ್ಕೆ ಬಿದ್ದೆ. ಈವರೆಗೆ ಹೊರಬರುವ ಮನಸ್ಸಾಗಿಲ್ಲ.

ಪುಟ ಕಟ್ಟಲು ಕಲಿತೆನೇನೋ ಸರಿ, ಅದರಲ್ಲಿ ಬರೆಯುವುದೇನು? ಕವಿತೆ ಬರೆಯಲು ಹೆದರಿ ಬಸ್ಸಿಗೆ ಶರಣಾದೆ. ಮೂರು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು, ಸಿಂದಗಿಗೆ ಎಷ್ಟೊತ್ತಿಗೆ, ಇಂಡಿಗೆ ಎಷ್ಟೊತ್ತಿಗೆ, ಬಸವನ ಬಾಗೇವಾಡಿಗೆ ಎಷ್ಟೊತ್ತಿಗೆ ಎಂದು ಕಂಡ ಕಂಡ ಕಂಡಕ್ಟರನ್ನೆಲ್ಲ ಕೇಳಿ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡೆ. ಮೊದಲ ಸಲ ಪುಟ ಮೂಡಿಸಿದಾಗ ದಪ್ಪಕ್ಷರ ಇಲ್ಲಿಗೆ ಮುಗಿಯಿತು ಎಂದು ಸೂಚಿಸುವ ಓರೆಗೆರೆಯೊಂದನ್ನು ಎಲ್ಲೋ ಮರೆತಿದ್ದರಿಂದ ಎಲ್ಲ ಅಕ್ಷರಗಳೂ ದಪ್ಪಗಾಗಿ, ಪುಟಕ್ಕೆ ಪುಟವೇ ಜಗಳಕ್ಕೆ ನಿಂತಂತೆ ಕಂಡಿತು. ಗೆರೆ ಹಾಕಿದೆ, ಮರುಕ್ಷಣ ತಣ್ಣಗಾಯಿತು. ಮಾಡಿದ ತಪ್ಪು ಇಷ್ಟು ಬೇಗ ಕ್ಷಮಿಸಲ್ಪಡುವ ಸ್ಥಳ ನನ್ನ ಬದುಕಿನಲ್ಲಿ ಮತ್ತೊಂದಿರಲಿಲ್ಲ. ಇಂಡಿಯಲ್ಲಿರುವ ತಂಗಿಗೆ ಫೋನ್ ಮಾಡಿ ತೆರೆಯಲು ಹೇಳಿದೆ. "ಬಂತಕ್ಕಾ! ನಿನ್ನ ಹೆಸರೂ ಐತಿ, ನಂಬರೂ ಐತಿ!" ಎಂದು ಅವಳು ಕೂಗಿದಾಗ, ಎಂ.ಎ. ಪಾಸಾದ ದಿನಕ್ಕಿಂತ ಹೆಚ್ಚು ಹಿಗ್ಗಿದೆ.

ಕೆಲವೇ ವಾರಗಳಲ್ಲಿ ಗೊತ್ತಿಲ್ಲದವರೂ ಪುಟ ನೋಡಲಾರಂಭಿಸಿದರು. ಸಿಂದಗಿಯ ಒಬ್ಬರು ಫೋನ್ ಮಾಡಿ ಹೊಗಳಿದ್ದರಿಂದ, ಹೊಸ ನಂಬರು ಕಂಡರೆ ನಾನು ಗಂಟಲು ಸರಿಮಾಡಿಕೊಂಡು ಎತ್ತುವುದು ರೂಢಿಯಾಯಿತು.

ಹಾಗೆಯೇ ಒಂದು ಮಧ್ಯಾಹ್ನ ಎತ್ತಿದೆ.

"ಬಸ್ಸಿನ ಪುಟ ಮಾಡಿದೋರು ನೀವೇನ್ರಿ?" ಹೆಂಗಸಿನ ದನಿ.

"ಹೌದ್ರಿ, ನಾನ," ಎಂದೆ, ವಿನಯವನ್ನು ಸಾಕಷ್ಟು ಬೆರೆಸಿ.

"ಹಂಗಾರ ಬಂದು ನನ್ನ ಗೊಳಸಂಗಿಗೆ ಬಿಟ್ಟು ಬರ್ರಿ."

ಆಕೆ ತಂಗಡಗಿಯ ಹಸೀನಾ, ಹೊಲಿಗೆ ಕೆಲಸದವಳು. ಗೊಳಸಂಗಿಯಲ್ಲಿ ಮರುದಿನ ಮದುವೆ. ಮದುಮಗಳ ರವಿಕೆಗಳೆಲ್ಲ ಆಕೆಯ ಗಂಟಿನಲ್ಲಿದ್ದವು. ಸಂಜೆ ಅರಿಷಿಣ ಹಚ್ಚುವ ಮೊದಲು ತೊಡಿಸಿ, ಹೆಚ್ಚುಕಡಿಮೆ ಇದ್ದರೆ ಅಲ್ಲೇ ಸರಿಮಾಡಿಕೊಡಬೇಕಿತ್ತು. ಗೊಳಸಂಗಿ ಮೇಲೆ ಹೋಗುವ ಬಸ್ಸು ೩-೧೦ಕ್ಕೆ ಎಂದು ನನ್ನ ಪುಟ ಹೇಳಿದ್ದನ್ನು ನಂಬಿ, ಹೊತ್ತಿದೆಯಲ್ಲ ಎಂದು ಪೇಟೆಗೆ ಹುಕ್ಕು ತರಲು ಹೋಗಿದ್ದಾಳೆ. ಬಸ್ಸು ಎರಡೂ ಹತ್ತಕ್ಕೇ ಹೋಗಿಬಿಟ್ಟಿದೆ.

ನೋಟ್‌ಬುಕ್ ತೆಗೆದು ನೋಡಿದೆ. ಅವಸರದಲ್ಲಿ ಗೀಚಿದ ನನ್ನ ೨ಕ್ಕೆ ಬಾಲ ಸ್ವಲ್ಪ ಸುತ್ತಿಕೊಂಡು ೩ ಆಗಿತ್ತು.

ಸ್ಕೂಟಿ ತೆಗೆದುಕೊಂಡು ಓಡಿದೆ. ಬಸ್‌ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಗಂಟನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದ ಹಸೀನಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬೈಗುಳಕ್ಕೆ ಸಿದ್ಧಳಾಗಿಯೇ ನಿಂತೆ. ಆಕೆ ಕೇಳಿದ್ದು ಒಂದೇ ಮಾತು: "ಗಾಡಿ ಬರೋಬ್ಬರಿ ಹೊಡೀತೀರೇನ್ರಿ, ಇಲ್ಲಾ ಅದೂ ಹಿಂಗನ?"

ದಾರಿಯುದ್ದಕ್ಕೂ ಗಂಟು ನನ್ನ ಬೆನ್ನಿಗೆ ಒತ್ತಿಕೊಂಡೇ ಇತ್ತು. ಗೊಳಸಂಗಿಯ ಮನೆಯ ಮುಂದೆ ಇಳಿಯುವಷ್ಟರಲ್ಲಿ ಮದುಮಗಳ ಸೋದರತ್ತೆ ಬಾಗಿಲಲ್ಲೇ ನಿಂತಿದ್ದರು. "ಏನ ಹಸೀನಾ, ಅರಿಷಿಣದ ಹೊತ್ತಾತು, ಈಗ ಬರಾಕತ್ತಿಯಲ್ಲ!" ಎಂದು ಗದರಿದರು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ.

ಹಸೀನಾ ಅದಕ್ಕೆ ಮೊದಲೇ, "ನಂದ ತಪ್ಪು ಯವ್ವಾ, ಪ್ಯಾಟ್ಯಾಗ ತಡಾ ಮಾಡ್ದೆ. ಈ ಮೇಡಮ್ಮಾರು ಸಿಕ್ರು, ಪುಣ್ಯಾಕ್ಕ ಬಿಟ್ರು," ಎಂದಳು.

ಅವರು ನನಗೆ ಚಹಾ ಕೊಟ್ಟರು, ಮದುವೆಗೆ ಕರೆದರು, ಕೈ ಹಿಡಿದು ಹರಸಿದರು. ಚಹಾ ಅರ್ಧಕ್ಕೇ ಬಿಟ್ಟು ಗಾಡಿ ಹತ್ತಿದೆ.

ಮನೆಗೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ ಪುಟವನ್ನು ತೆಗೆದುಹಾಕಿದ್ದು. ಇನ್ನೆಷ್ಟು ಜನ ನನ್ನ ಬಾಲಸುತ್ತಿದ ಅಂಕಿಯನ್ನು ನಂಬಿ ನಿಂತಿದ್ದರೋ ಎಂಬ ಯೋಚನೆ ಬಿಡಲಿಲ್ಲ. ಸುನಂದಾ ಸಮಾಧಾನ ಹೇಳಿದರು, ನಾನು ಒಪ್ಪಲಿಲ್ಲ. ನಾಲ್ಕನೆಯ ದಿನ ಹಸೀನಾಳ ಫೋನು ಬಂತು.

"ಪುಟಾ ಎಲ್ಲಿ ಹೋತ್ರಿ?"

"ತಗದುಬಿಟ್ಟೆ. ತಪ್ಪಿತ್ತಲ್ಲ."

"ತಪ್ಪಿದ್ರ ತಿದ್ದೋದು ಬಿಟ್ಟು ತಗದ್ ಒಗಿತಾರೇನ್ರಿ? ಅವತ್ತ ಮದಿಮಗಳ ಜಂಪರ್ ಬಗಲಾಗ ಬಿಗಿ ಆಗಿತ್ತು. ನಾ ಏನ್ ಸುಟ್ಟು ಬಂದೇನ? ಬಿಚ್ಚಿದೆ, ಮತ್ತ ಹಾಕ್ದೆ. ಹಾಕ್ಕೊಂಡು ನಕ್ಕಾಳ ಹುಡುಗಿ." ಅದೇ ಉಸಿರಿನಲ್ಲಿ, "ನಮ್ಮೂರಿನ ಬಸ್ಸೂ ಅದರಾಗ ಹಾಕಬೇಕ್ರಿ. ನಾ ಹೇಳತೇನಿ, ನೀವು ಬರೀರಿ. ಇಲ್ಲಾ ನನಗ ಕಲಿಸ್ರಿ," ಎಂದಳು.

ಶನಿವಾರ ಬಂದೇಬಿಟ್ಟಳು. ಸುನಂದಾ ಅವರ ಮೇಜಿನ ಬಳಿ ಮೂವರೂ ಕುಳಿತು, ತೆಗೆದಿದ್ದ ಪುಟವನ್ನು ತಿದ್ದಿ ಮತ್ತೆ ಹಾಕಿದೆವು. ಹಸೀನಾ ಸೂಜಿಗೆ ದಾರ ಪೋಣಿಸುವ ಏಕಾಗ್ರತೆಯಿಂದ ಒಂದೊಂದೇ ಕೀಲಿ ಒತ್ತಿ, ತಂಗಡಗಿಯ ಬೆಳಗಿನ ಬಸ್ಸಿನ ವೇಳೆಯನ್ನು ಬರೆದಳು. ಕನ್ನಡ ಅಂಕಿಯ ಪಕ್ಕದಲ್ಲಿ ಅದನ್ನೇ ಅಕ್ಷರದಲ್ಲೂ ಬರೆಯಬೇಕೆಂದು ಹಟ ಹಿಡಿದಳು. ನಾನು ಎದುರಾಡುವ ಸ್ಥಿತಿಯಲ್ಲಿರಲಿಲ್ಲ.

"ಇದು ಈಗ ಎಲ್ಲಾರಿಗೂ ಕಾಣತೈತೇನ್ರಿ?"

"ಎಲ್ಲಾರಿಗೂ."

"ತಂಗಡಗ್ಯಾಗೂ?"

"ತಂಗಡಗ್ಯಾಗೂ, ಇಂಡ್ಯಾಗೂ."

ಅವಳು ಕೂಡಲೇ ಗಂಡನಿಗೆ ಫೋನ್ ಮಾಡಿದಳು. "ನೋಡ್ರಿ, ಮೂರನೇ ಸಾಲು. ಬಂತೇನ್ರಿ? ಅದು ನಾ ಬರದಿದ್ದು!" ಆ ದನಿ ನನಗೆ ಪರಿಚಿತವಾಗಿತ್ತು, ಅದೇ ಹಿಗ್ಗು, ಮುಖ ಮಾತ್ರ ಬೇರೆ. ಪುಟವೆಂದರೆ ಹಾಳೆ ಎಂದು ಮಾತ್ರ ಇಷ್ಟು ದಿನ ಪಾಠ ಹೇಳಿದ್ದೆ. ಚಿನ್ನಕ್ಕೆ ಪುಟವಿಡುವುದೂ ಒಂದಿದೆಯಲ್ಲ. ಮತ್ತೆ ಮತ್ತೆ ಬೆಂಕಿಗೆ ಹಾಕಿ ತೆಗೆದಷ್ಟೂ ಶುದ್ಧವಾಗುವ ಈ ಇನ್ನೊಂದು ಪುಟದ ಪರಿಚಯ ನನಗಾದದ್ದು ಅಂದು.

ಈಗ ಪುಟದ ಹೆಚ್ಚಿನ ಪಾಲು ಹಸೀನಾಳ ಕೈಯಲ್ಲಿದೆ. ಹೊಲಿಗೆ ಹಾಕಿಸಲು ಬಂದವರನ್ನೆಲ್ಲ ಬಸ್ಸಿನ ಬಗ್ಗೆ ವಿಚಾರಿಸಿ ದಿನವೂ ತಿದ್ದುತ್ತಾಳೆ.

ಮೊನ್ನೆ ತಂಗಿಯ ಮನೆಗೆಂದು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಇಂಡಿಯ ಬಸ್ಸು ನಾಲ್ಕಕ್ಕೆ ಎಂಬುದು ನನಗೆ ಬಾಯಿಪಾಠ. ಎದ್ದು ನಿಂತು ಚಡಪಡಿಸುತ್ತಿದ್ದವಳನ್ನು ಪಕ್ಕದ ಮುದುಕಿಯೊಬ್ಬರು ಸೆರಗು ಹಿಡಿದು ಜಗ್ಗಿದರು.

"ಕುಂಡ್ರ ಯವ್ವಾ, ನಾಕೂವರಿಗೆ ಐತಿ."

"ಇಲ್ಲಮ್ಮಾ, ನಾಕಕ್ಕ. ನನಗ ಪಕ್ಕಾ ಗೊತ್ತೈತಿ."

"ನಿನಗ ಗೊತ್ತಿದ್ರ ಇರ್ಲಿ ಬಿಡ. ಪುಟದಾಗ ನಾಕೂವರಿ ಅಂತ ಐತಿ," ಎಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. ನಿಜ. ಹಸೀನಾ ಬೆಳಿಗ್ಗೆಯೇ ತಿದ್ದಿದ್ದಳು. ಬಸ್ಸು ನಾಲ್ಕೂವರೆಗೇ ಬಂತು.

ಒಂದೇ ಸೀಟಿನಲ್ಲಿ ಕುಳಿತೆವು. ಆಸೆ ತಡೆಯದೆ ಕೇಳಿಯೇಬಿಟ್ಟೆ: "ಆ ಪುಟ ಯಾರು ಮಾಡ್ಯಾರಮ್ಮಾ?"

"ತಂಗಡಗಿ ಹಸೀನಾ. ಜಂಪರ್ ಹೊಲಿತಾಳಲ್ಲ, ಆಕಿ. ಭಾಳ ಶಾಣ್ಯಾಕಿ."

ಹೇಳಲು ಮಾತೊಂದು ನಾಲಿಗೆಯ ತುದಿಯವರೆಗೂ ಬಂದಿತ್ತು. ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು.

"ಹೌದಮ್ಮಾ," ಎಂದೆ. "ಆಕೀನ ಮಾಡ್ಯಾಳ. ಭಾಳ ಚಲೋ ಮಾಡ್ಯಾಳ."