ಬೇಸಿಗೆಯಲ್ಲೂ ಹಸಿರಾಗಿದ್ದ ಗೆರೆ

"ನಾನಿ, ಇದು ಹಳೇ ಗಾಡಿ ದಾರಿ ಅಂತ ಬರ್ಕೊಂಡಿದ್ದೀನಿ," ಅಂತ ಮೊಮ್ಮಗಳು ಶಬಾನಾ ಕಂಪ್ಯೂಟರಿನ ಪರದೆ ಮೇಲೆ ಬೆರಳಿಟ್ಟಳು. ಮಾಚೇನಹಳ್ಳಿ ಆಚೆಗಿನ ನನ್ನ ತವರಿನ ಕೆರೆಯನ್ನು ಡ್ರೋನ್ ಮೇಲಿಂದ ಹಿಡಿದ ಫೋಟೋ ಅದು. ಕೆರೆಗೆ ನೀರು ತರೋಕೆ ಎಲ್ಲಿ ಅಗೀಬೇಕು ಅಂತ ನಕ್ಷೆ ಮಾಡೋದು ಅವಳ ಕೆಲಸ. ಅವಳ ಬೆರಳಿದ್ದ ಕಡೆ, ಒಣಗಿದ ನೆಲದ ನಡುವೆ ಒಂದೇ ಒಂದು ಹಸಿರು ಗೆರೆ ಇತ್ತು.

"ಗಾಡಿ ದಾರಿ ಬೇಸಿಗೇಲಿ ಹಸಿರಾಗಿರುತ್ತಾ ಮಾರಾಯ್ತಿ? ಅದು ಕೆರೆಗೆ ನೀರು ತರ್ತಿದ್ದ ಕಾಲುವೆ. ನಿನ್ನ ಮುತ್ತಜ್ಜ, ನಮ್ಮ ಅಬ್ಬಾ, ಅಲ್ಲಿ ಕೆರೆ-ಕಾಲುವೆ ನೋಡ್ಕೊಳ್ಳೋ ನೀರುಗಂಟಿ ಆಗಿದ್ರು. ಪ್ರತಿ ವರ್ಷ ಹೂಳು ತೆಗೆದು ದಡಕ್ಕೆ ಹಾಕಿ, ಮಣ್ಣು ಕುಸೀದೇ ಇರಲಿ ಅಂತ ಅದರ ಮೇಲೆ ಲಕ್ಕಿ ಗಿಡ ನೆಡ್ತಿದ್ರು."

ಭಾನುವಾರ ರವೀಂದ್ರನಗರದ ನಮ್ಮ ಮನೆಯಿಂದ ಆಟೋ ಮಾಡ್ಕೊಂಡು ಹೋಗಿ ನೋಡಿದ್ವಿ. ಕಾಲುವೆ ಮಣ್ಣು ತುಂಬಿ ಮುಚ್ಚಿಹೋಗಿತ್ತು. ಲಕ್ಕಿ ಮಾತ್ರ ಸಾಲಾಗಿ ನಿಂತಿತ್ತು. ಶಬಾನಾ ಅಲ್ಲೇ ನಿಂತು ಫೋನಿನಲ್ಲಿದ್ದ ನಕ್ಷೇಲಿ 'ಗಾಡಿ ದಾರಿ' ಅಳಿಸಿ 'ಕಾಲುವೆ' ಅಂತ ಬರೆದಳು.

ಬರೀ ಮೂರನೇ ಕ್ಲಾಸು ಓದಿದ ನನ್ನ ಮಾತು ನಕ್ಷೆಗೆ ಹೋಯ್ತಲ್ಲ ಅನ್ನೋ ಖುಷಿ ಎದೇಲಿ ಹಿಡಿಸ್ತಿಲ್ಲ. ಈಗ ದಿನಾ ಅವಳ ಕೈಲಿ ಆ ಫೋಟೋ ತೆರೆಸಿ, ಅಬ್ಬಾ ಗುದ್ದಲಿ ಹೊತ್ತು ನಡೀತಿದ್ದ ಆ ಗೆರೆ ಮೇಲೆ ಬೆರಳಾಡಿಸ್ತೀನಿ. ಕೆರೆ ಮುಟ್ಟಿದ ಮೇಲೂ ಬೆರಳು ತೆಗೆಯೋಕೆ ಮನಸ್ಸು ಬರಲ್ಲ.