ಅವ್ವನ ಕುಂಚ ತಾಗಿದ ಹಾಳೆಗಳು

ಬೆಟಗೇರಿಯ ಸುನಿಲಕುಮಾರನಿಗೆ ನಲವತ್ತೊಂದು ವರ್ಷ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿಯೇ. ಬೀಗರ ಮನೆಯಲ್ಲೂ ಯಾರೂ ಇಷ್ಟು ದಿನ ಅತಿಥಿಯಾಗಿ ಉಳಿದಿರಲಿಕ್ಕಿಲ್ಲ! ಪಿಎಚ್.ಡಿ. ಆದರೆ ಕಾಯಂ ಆದೀತು ಎಂಬುದೊಂದೇ ಆಸೆ. ಅದಕ್ಕೂ ವಿಶ್ವವಿದ್ಯಾಲಯ ಗಡುವು ಹಾಕಿತ್ತು: ತಿಂಗಳ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು.

ಅವನ ವಿಷಯ ಪ್ಲಾಸ್ಟಿಕ್ಕಿನ ಮೇಲ್ಪದರ. ಗಾಜಿನಂತೆ ತಿಳಿಯಾದ ತೆಳು ಹಾಳೆಯೊಳಕ್ಕೆ ನೈಟ್ರೋಜನ್ ಅಯಾನುಗಳನ್ನು ಭಾರೀ ವೇಗದಲ್ಲಿ ನುಗ್ಗಿಸುತ್ತಾರೆ. ಅವು ಒಳಗಿಳಿಯುವುದು ತಲೆಗೂದಲ ದಪ್ಪದ ನೂರನೇ ಒಂದು ಪಾಲಿನಷ್ಟು, ಅಷ್ಟೇ. ಅಷ್ಟರಲ್ಲೇ ಅಲ್ಲಿನ ಬಂಧಗಳು ಕಡಿದು, ಹೈಡ್ರೋಜನ್ ಹಾರಿಹೋಗಿ, ಇಂಗಾಲ ಉಳಿದು, ಹಾಳೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ವಿದ್ಯುತ್ತನ್ನು ಬಿಡದ ಪ್ಲಾಸ್ಟಿಕ್ಕು ಒಂದಿಷ್ಟು ಬಿಡತೊಡಗುತ್ತದೆ. ಆ ಯಂತ್ರ ಇರುವುದು ದೂರದ ದಿಲ್ಲಿಯಲ್ಲಿ. ಎರಡು ವರ್ಷ ಕಾದು ಸಿಕ್ಕ ಸರದಿಯಲ್ಲಿ ಹನ್ನೆರಡು ಹಾಳೆ ಸಿದ್ಧವಾಗಿದ್ದವು. ಸೋಮವಾರ ಧಾರವಾಡದಲ್ಲಿ ಅಳತೆ ಮಾಡಿಸಿದರೆ ಗೆದ್ದಂತೆ.

ಭಾನುವಾರ ಬೆಳಿಗ್ಗೆ ಅವ್ವ ಬನಶಂಕರೆವ್ವ ಆ ಹಾಳೆಗಳ ಡಬ್ಬಿ ನೋಡಿ ಕೇಳಿದಳು: "ಏನೋ ಅದು, ಕೂಸಿನಂಗ ಜೋಪಾನ ಮಾಡಾಕತ್ತಿ?"

ಐವತ್ತು ವರ್ಷ ಮಗ್ಗದಲ್ಲಿ ಕೂತವಳಿಗೆ ಅಯಾನು ಅಂದರೆ ಏನು ತಿಳಿದೀತು? ಸುನಿಲ ಜಾಣತನ ತೋರಿಸಿದ. "ನಾವು ನೂಲಿಗೆ ಗಂಜಿ ಹಾಕೂದಿಲ್ಲೇನವ್ವಾ? ಹಂಗ. ಒಳಗಿನ ಎಳಿ ಅದ ಐತಿ, ಮ್ಯಾಲಿನ ಪದರ ಬ್ಯಾರೆ ಆಗೈತಿ."

"ಹಂಗಂದ್ರ ತಿಳೀತ ಬಿಡು," ಎಂದಳು ಅವ್ವ. ಇಷ್ಟು ವರ್ಷಕ್ಕೆ ತನ್ನ ಕೆಲಸ ಅವ್ವನಿಗೆ ತಿಳಿಯಿತಲ್ಲ ಎಂದು ಅವನಿಗೆ ಖುಷಿಯೋ ಖುಷಿ. ಆ ಖುಷಿಯಲ್ಲೇ ಡಬ್ಬಿಯನ್ನು ಕಪಾಟಿಗೆ ಹಾಕದೆ ಜಳಕಕ್ಕೆ ಹೋದ.

ಬರುವಷ್ಟರಲ್ಲಿ ಹನ್ನೆರಡೂ ಹಾಳೆ ಚಾಪೆಯ ಮೇಲೆ ಸಾಲಾಗಿ ಮಿಂಚುತ್ತಿದ್ದವು. ಅವ್ವನ ಕೈಯಲ್ಲಿ ನೂಲಿಗೆ ಗಂಜಿ ಬಳಿಯುವ ಬಿರುಸು ಕುಂಚ, ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು. ಗಂಜಿ ಹೆಚ್ಚಾದ ನೂಲಿಗೆ ಎಣ್ಣೆ ತೀಡಿ ಹದಕ್ಕೆ ತರುವುದು ಅವಳ ಕೈಗೆ ಕೂತುಹೋದ ರೂಢಿ.

"ಗಂಜಿ ಭಾಳ ಆಗಿತ್ತಲೇ ತಮ್ಮಾ, ಕಂದು ತಿರುಗಿತ್ತು. ತಿಕ್ಕಿ ತಿಕ್ಕಿ ಹದಾ ಮಾಡೀನಿ. ನೋಡು, ಹೆಂಗ ನುಣ್ಣಗಾಗ್ಯಾವ!"

ಅಯ್ಯೋ ಶಿವನೇ! ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ. ಎಲ್ಲದರ ಮೇಲೂ ಸಣ್ಣ ಸಣ್ಣ ಗೀರು. ಹಿತ್ತಲಿಗೆ ಹೋಗಿ ಮಾರ್ಗದರ್ಶಕರಿಗೆ ಫೋನು ಮಾಡಿದ.

"ಎಣ್ಣಿ ತೊಳೀಬಹುದಪಾ," ಎಂದರು ಅವರು. "ಕೆರದ ಹೋದ ಪದರ ಎಲ್ಲಿಂದ ತರ್ತಿ? ಈಗ ಅಳದ್ರ ನಿಮ್ಮವ್ವನ ಕುಂಚದ್ದ ಅಳತಿ ಬರ್ತದ. ಮತ್ತ ಸರದಿ ಸಿಗಬೇಕಂದ್ರ ಇನ್ನೆರಡು ವರ್ಷ."

ಎರಡು ವರ್ಷ ಎಲ್ಲಿಂದ ತರುವುದು? ಎರಡು ವಾರವೂ ಉಳಿದಿರಲಿಲ್ಲ. ಬೈಯೋಣವೆಂದರೆ ಯಾರನ್ನು ಬೈಯುವುದು? ಗಂಜಿ ಎಂದು ಹೇಳಿಕೊಟ್ಟವನು ತಾನೇ. ಅವಳು ತನಗೆ ಗೊತ್ತಿದ್ದುದನ್ನು ಅಚ್ಚುಕಟ್ಟಾಗಿ ಮಾಡಿದ್ದಳು.

ಒಳಗೆ ಬಂದಾಗ ಅವ್ವ ಅವನ ಮುಖ ನೋಡಿ ಗಾಬರಿಯಾದಳು. "ಯಾಕೋ, ಕೆಡಿಸಿದ್ನೇನ?"

"ಇಲ್ಲವ್ವಾ. ಚಲೋ ಆಗ್ಯಾವ."

ಅವಳ ಮುಖ ಅರಳಿತು. ಕೈ ತೊಳೆದವಳೇ ಸೀದಾ ಹೊರಗೆ ಹೋಗಿ ಪಕ್ಕದ ಮನೆಯ ಕರಿಯವ್ವನನ್ನು ಕಟ್ಟೆಗೆ ಕರೆದಳು. ಅವಳ ದನಿ ಒಳಗಿನವರೆಗೂ ಕೇಳಿಸಿತು. ಸುನಿಲ ಟವೆಲನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದ.

"ನಮ್ಮ ಸುನಿಲ ಡಾಕ್ಟರ್ ಆಗಾಕ ನಂದೂ ಒಂದು ಕೈ ಹತ್ತೈತಿ ನೋಡ ಕರಿಯವ್ವಾ!"