ಕೊನೆಯ ಪಂಕ್ತಿಯ ಅರ್ಜಿ

ನನ್ನ ದಡ್ಡತನಗಳನ್ನು ಒಂದರ ಪಕ್ಕ ಒಂದು ಹಾಸಿದರೆ ಕತಾರಿನ ಈ ತುದಿಯ ದೋಹಾದಿಂದ ಆ ತುದಿಯ ದುಖಾನ್‌ವರೆಗೆ ರಸ್ತೆಯಾಗುತ್ತದೆ. ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿ ಜನರನ್ನು ನಗಿಸಿದ್ದೇನೆ. ಒಂದನ್ನು ಮಾತ್ರ ಹಾಗೆ ಹೇಳಿಲ್ಲ. ಅಕ್ಕನ ಮಗಳ ಶಾಲೆಯ ಅರ್ಜಿಯನ್ನು ನಾನು ಎಲ್ಲರದ್ದೂ ಮುಗಿದ ಮೇಲೆ ಹಾಕಿದೆ.

ಮನೆ ಬಾಡಿಗೆಗೆ ಕೊಡಿಸುವುದು ನನ್ನ ಕೆಲಸ. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಎರಡು ಹಳೆಯ ವಿಲ್ಲಾ ಕೆಡವಿ ಏಳು ಮಹಡಿಯ ಕಟ್ಟಡ ಎದ್ದಾಗ, ಅದನ್ನು ಯಾವುದಾದರೂ ಕಂಪನಿಯ ಬ್ಯಾಚುಲರ್‌ಗಳಿಗೆ ಕೊಡುವ ಯೋಚನೆ ಮಾಲೀಕರಿಗಿತ್ತು. ಬೇಡ, ಫ್ಯಾಮಿಲಿಗಳಿಗೇ ಕೊಡೋಣ ಎಂದು ಹಟ ಹಿಡಿದವನು ನಾನು. ನಮ್ಮ ಕರಾವಳಿಯವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಬರೆದು ಹಾಕಿದೆ: ಬಾಲ್ಕನಿಯಲ್ಲಿ ನಿಂತರೆ ಪಕ್ಕದ ಇಂಡಿಯನ್ ಶಾಲೆಯ ಪ್ರಾರ್ಥನೆ ಕೇಳುತ್ತದೆ. ನಿಜಕ್ಕೂ ಅಲ್ಲಿ ಕೇಳಿಸುತ್ತಿದ್ದದ್ದು ಕಸದ ಲಾರಿ.

ಮೊದಲ ಮನೆಯನ್ನು ಅಕ್ಕನಿಗೇ ಕೊಡಿಸಿದೆ. ಅಲ್ಲಿಯವರೆಗೆ ಅವಳು, ಭಾವ, ಮಗಳು ಮೂವರೂ ಒಂದು ವಿಲ್ಲಾದೊಳಗೆ ಹಲಗೆ ಹೊಡೆದು ಮಾಡಿದ ಕೋಣೆಯಲ್ಲಿದ್ದರು. ಸ್ವಂತ ಅಡುಗೆಮನೆಯಲ್ಲಿ ಅಕ್ಕ ಹಾಲು ಉಕ್ಕಿಸಿದ ದಿನ, ಕಟ್ಟಡವನ್ನು ನಾನೇ ಕಟ್ಟಿದವನ ಹಾಗೆ ಎದೆಯುಬ್ಬಿಸಿ ಓಡಾಡಿದೆ. ಸೋದರಸೊಸೆಗೆ ಆಗ ನಾಲ್ಕು ವರ್ಷ. ಬಾಲ್ಕನಿಯಿಂದ ಶಾಲೆಯ ಬಸ್ಸುಗಳನ್ನು ನೋಡುತ್ತಾ ನಿಲ್ಲುತ್ತಿದ್ದಳು. ಬ್ಯಾಗ್ ತೆಗೆಸಿಕೊಟ್ಟಿದ್ದರು, ಊಟಕ್ಕೆ ಕೂರುವಾಗಲೂ ಅದು ಬೆನ್ನ ಮೇಲೇ.

ಆರು ತಿಂಗಳಲ್ಲಿ ಮನೆಗಳೆಲ್ಲ ತುಂಬಿದವು. ನಮ್ಮ ಬೀದಿಯಲ್ಲಿ ಒಂದಿದ್ದ ಕಸದ ತೊಟ್ಟಿ ನಾಲ್ಕಾಯಿತು. ಬೆಳಿಗ್ಗೆ ಬರುತ್ತಿದ್ದ ಮುನ್ಸಿಪಾಲಿಟಿ ಲಾರಿ ಮಧ್ಯಾಹ್ನವೂ ಬರತೊಡಗಿತು. ಚರಂಡಿ ಎರಡು ಸಲ ಉಕ್ಕಿ, ಪೈಪು ಬದಲಿಸಲು ರಸ್ತೆ ಅಗೆದರು. ಇದರ ಖರ್ಚೆಲ್ಲ ಯಾರ ತಲೆಗೆ ಎಂದು ನಾನು ಯೋಚಿಸಲಿಲ್ಲ. ಊರು ಬೆಳೆಯುತ್ತಿದೆ, ನನ್ನಿಂದಲೇ ಬೆಳೆಯುತ್ತಿದೆ ಎಂದುಕೊಂಡೆ.

ಆ ಶಾಲೆಯ ಕೆ.ಜಿ. ತರಗತಿಗೆ ಆನ್‌ಲೈನ್ ಅರ್ಜಿ ಹಾಕುವ ದಿನ ಬಂತು. ಬಂದ ಕ್ರಮದಲ್ಲೇ ಸೀಟು. "ಫಾರ್ಮ್ ನನಗೆ ಬಿಡಿ" ಎಂದು ಬಾಡಿಗೆಯವರಿಗೆಲ್ಲ ಮೊದಲೇ ಮಾತು ಕೊಟ್ಟಿದ್ದೆ. ಹದಿನೆಂಟು ಮಕ್ಕಳ ಕಾಗದಪತ್ರ ನನ್ನ ಮೇಜಿನ ಮೇಲೆ. ಎಲ್ಲರಿಗಿಂತ ಮೊದಲು ತಂದುಕೊಟ್ಟವರು ಭಾವ. ಅದನ್ನು ಎಲ್ಲದರ ಅಡಿಯಲ್ಲಿ ಇಟ್ಟೆ. ನಮ್ಮಲ್ಲಿ ಊಟಕ್ಕೆ ಕರೆದ ಮನೆಯವರು ಮೊದಲ ಪಂಕ್ತಿಯಲ್ಲಿ ಕೂರುವುದಿಲ್ಲ. ಬಂದವರೆಲ್ಲ ಉಂಡು ಎದ್ದ ಮೇಲೆ, ಕೊನೆಯ ಪಂಕ್ತಿಯಲ್ಲಿ ಮನೆಯವರು. ಅಷ್ಟು ಹೊತ್ತಿಗೆ ಪಾಯಸ ತಳ ಕಂಡಿರುತ್ತದೆ, ಯಾರೂ ದೂರುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆ. ಮೂರನೇ ಮಹಡಿಯವರ ಅವಳಿಗಳ ಫೋಟೋ ಅದಲುಬದಲು ಮಾಡಿದೆ. ಒಬ್ಬನ ಲಸಿಕೆಯ ಕಾರ್ಡಿನ ಜಾಗದಲ್ಲಿ ಅವನ ಅಪ್ಪನ ಡ್ರೈವಿಂಗ್ ಲೈಸೆನ್ಸ್ ಏರಿಸಿದೆ. ಎಲ್ಲ ತಿದ್ದಿ ಹದಿನೇಳು ಮುಗಿಸುವಾಗ ಹನ್ನೊಂದಾಗಿತ್ತು. ಹದಿನೇಳೂ ಸ್ವೀಕಾರವಾದವು. ಹದಿನೆಂಟನೆಯದಕ್ಕೆ 'ವೇಟಿಂಗ್ ಲಿಸ್ಟ್' ಎಂದು ಬಂತು.

ಮಾರನೆಯ ದಿನ ಶಾಲೆಯ ಆಫೀಸಿಗೆ ಓಡಿದೆ. ಅಲ್ಲಿದ್ದ ಮೇಡಂ ಮೈಸೂರು ಕಡೆಯವರು.

"ಒಂದೇ ಬಿಲ್ಡಿಂಗಿಂದ ಹದಿನೆಂಟು ಅರ್ಜಿ ಕಣ್ರೀ. ಅಲ್ಲೇನು ಛತ್ರ ಕಟ್ಟಿದ್ದೀರಾ?" ಎಂದರು.

ಕಟ್ಟಿದವರು ಬೇರೆ, ತುಂಬಿಸಿದವನು ನಾನು ಎಂದೆ. ಅವರು ನಗಲಿಲ್ಲ.

"ನೀವು ಮಹಡಿ ಮೇಲೆ ಮಹಡಿ ಹಾಕ್ತೀರ. ನಾವು ಮಕ್ಕಳ ಮೇಲೆ ಮಕ್ಕಳನ್ನ ಕೂರಿಸಕ್ಕಾಗುತ್ತಾ? ಮಧ್ಯಾಹ್ನದ ಶಿಫ್ಟೂ ಮಾಡಿದ್ವಿ. ಅದಕ್ಕೆ ಟೀಚರ್ ಬೇಕು, ಬಸ್ ಬೇಕು, ಆಯಾ ಬೇಕು. ಎಲ್ಲಾ ಕೊನೆಗೆ ಫೀಸಿಗೇ ಬರುತ್ತೆ. ಇರೋ ಮಕ್ಕಳ ಅಪ್ಪಂದಿರು ಈಗ್ಲೇ ಜಗಳಕ್ಕೆ ಬರ್ತಿದಾರೆ."

"ನಮ್ಮದು ಒಂದೇ ಮಗು ಮೇಡಂ."

"ಎಲ್ರದ್ದೂ ಒಂದೇ ಮಗು ಕಣ್ರೀ."

ಬೇರೆ ಶಾಲೆಗಳಿಗೂ ಅಲೆದೆ. ಸೀಟು ಇದ್ದಲ್ಲಿಯ ಫೀಸು ಭಾವನ ಸಂಬಳಕ್ಕೆ ನಿಲುಕುವಂತಿರಲಿಲ್ಲ. ಬೇಸಿಗೆ ಮುಗಿಯುವವರೆಗೂ ವೇಟಿಂಗ್ ಲಿಸ್ಟ್ ಅಲ್ಲಾಡಲಿಲ್ಲ. ಮಗುವಿಗೆ ಒಂದು ವರ್ಷ ಹಾಳಾಗುವುದು ಬೇಡವೆಂದು ಅಕ್ಕ ಅವಳನ್ನು ಕರೆದುಕೊಂಡು ಮಂಗಳೂರಿಗೆ ಹೊರಟಳು. ಭಾವ ಬಿನ್ ಮಹಮೂದ್ ಬಡಾವಣೆಯಲ್ಲಿ ನಾಲ್ಕು ಜನರಿರುವ ಕೋಣೆಯಲ್ಲಿ ಒಂದು ಮಂಚ ಹಿಡಿದರು. ವಿಮಾನ ನಿಲ್ದಾಣದಲ್ಲಿ ಅವರು ನನ್ನನ್ನು ಬೈಯುತ್ತಾರೆಂದು ಕಾದೆ. "ಕಾರ್ ಪಾರ್ಕಿಂಗ್ ಟಿಕೆಟ್ ಎಲ್ಲಿ ಇಟ್ಟೆ ಮಾರಾಯ, ನೋಡು" ಎಂದಷ್ಟೇ ಹೇಳಿದರು. ಸೊಸೆ ಬ್ಯಾಗ್ ಹಾಕಿಕೊಂಡೇ ಒಳಗೆ ಹೋದಳು. ಸೆಕ್ಯುರಿಟಿಯವರು ಬಿಚ್ಚಲು ಹೇಳಿದಾಗ ಮಾತ್ರ ಅತ್ತಳು.

ಅಕ್ಕನ ಮನೆಯನ್ನು ಮತ್ತೆ ಬಾಡಿಗೆಗೆ ಕೊಡಬೇಕಾದವನೂ ನಾನೇ. ನೋಡಲು ಬಂದ ಕುಂದಾಪುರದವರಿಗೆ ಇಬ್ಬರು ಮಕ್ಕಳು. ಗಂಡ ಬಾಲ್ಕನಿಯಲ್ಲಿ ನಿಂತು, "ಶಾಲೆ ಹತ್ರವೇ ಅಲ್ದಾ?" ಎಂದು ಕೇಳಿದರು.

"ಹತ್ತಿರ ಉಂಟು. ಮೊದಲು ಸೀಟು ಉಂಟಾ ಕೇಳಿ, ಮತ್ತೆ ಇಲ್ಲಿಗೆ ಬನ್ನಿ" ಎಂದೆ. ಅವರು ಮತ್ತೆ ಬರಲಿಲ್ಲ. ನಮ್ಮ ಆಫೀಸಿನ ಮ್ಯಾನೇಜರು ಅರ್ಧ ಗಂಟೆ ಬೈದರು. ಬಾಯಿಗೆ ಬಂದ ಜೋಕನ್ನು ನುಂಗಿಕೊಂಡೆ.

ಸೊಸೆ ಮಂಗಳೂರಿನ ಶಾಲೆಗೆ ಸೇರಿದ ವಾರ ಅಕ್ಕನಿಗೆ ಫೋನ್ ಮಾಡಿದೆ. ಪಂಕ್ತಿಯ ಕತೆಯನ್ನೆಲ್ಲ ಹೇಳಿ, ತಪ್ಪು ನನ್ನದೇ ಎಂದೆ. ಅವಳ ಹಿಂದೆ ಕುಕ್ಕರ್ ಕೂಗುತ್ತಿತ್ತು.

"ನನಗೆ ಗೊತ್ತುಂಟು. ಮೊದಲು ಕೊಟ್ಟ ಕಾಗದ ಕೊನೆಗೆ ಹೋದದ್ದು ನಿನ್ನ ಭಾವನಿಗೆ ಅಂದೇ ಅಂದಾಜಾಗಿತ್ತು, ಹೇಳಿದ್ದಾರೆ," ಎಂದಳು. "ಇವಳು ದಿನಾ ಕೇಳ್ತಾಳೆ, ನಾವು ಯಾಕೆ ಬಂದದ್ದು ಅಂತ. ಅಲ್ಲಿಯ ಶಾಲೆ ಸಣ್ಣದು, ದೊಡ್ಡದಾದ ಕೂಡಲೇ ಮಾಮ ಕರೀತಾನೆ ಅಂತ ಹೇಳಿದ್ದೇನೆ. ಅವಳ ಹತ್ರ ನೀನು ಬೇರೆ ಎಂತ ಹೇಳ್ಲಿಕ್ಕೆ ಹೋಗ್ಬೇಡ, ಆಯ್ತಾ."